ಮೊದಲು ಯಾರಿಗೆ ಹೇಳಬೇಕು?

ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ಗುಡವಿಯ ಕೆರೆಯನ್ನು ಕಂಡವರು ಆ ನೋಟವನ್ನು ಮರೆಯಲಾರರು. ನೀರಿನ ನಡುವೆ ನಿಂತ ಮರಗಳ ತುಂಬ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳ ಗೂಡುಗಳು. ಬೆಂಗಳೂರಿನಲ್ಲಿ ನೆಲೆಸಿರುವ ಯುವ ದಂಪತಿಗಳು ಪತ್ನಿಯ ತವರಿಗೆ ಬರುವ ದಾರಿಯಲ್ಲಿ ಅಲ್ಲಿ ಇಳಿದರು. ಆಕೆ ಗರ್ಭಿಣಿ, ಆ ಸುದ್ದಿಯನ್ನು ಸಂಜೆ ತಾಯಿಯ ಎದುರು ಕುಳಿತು ಹೇಳಬೇಕೆಂದೇ ಹೊರಟುಬಂದವಳು. ಗೂಡುಗಳನ್ನು ಕಂಡ ಸಂಭ್ರಮದಲ್ಲಿ ಒಂದು ಚಿತ್ರ ತೆಗೆದು, ತಮ್ಮ ಗೂಡಿಗೂ ಮರಿ ಬರಲಿದೆ ಎಂದು ಬರೆದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಳು. ಅವರು ಮನೆ ತಲುಪುವ ಮೊದಲೇ ನೆರೆಮನೆಯವರು ಅಭಿನಂದಿಸಲು ಬಂದಿದ್ದರು. ತಾಯಿಗೆ ಸ್ಟೇಟಸ್ ನೋಡುವ ಅಭ್ಯಾಸವಿಲ್ಲ. "ಸಂತೋಷವೇ ಫಾದರ್. ಆದರೆ ಆ ಮಾತನ್ನು ಅವಳ ಬಾಯಿಂದಲೇ ಕೇಳುವ ಭಾಗ್ಯ ನನಗೆ ತಪ್ಪಿತು" ಎಂದರು ಆ ತಾಯಿ.

ತಾಯಿ, ಮಗಳು ಇಬ್ಬರ ಒಪ್ಪಿಗೆಯನ್ನೂ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕೇಳದೆ ಬರೆದಿದ್ದರೆ, ಯಾವ ರೂಢಿಯನ್ನು ವಿಮರ್ಶಿಸಲು ಹೊರಟಿರುವೆನೋ ಅದಕ್ಕೆ ನಾನೂ ಒಳಗಾದಂತಾಗುತ್ತಿತ್ತು.

ಇಲ್ಲಿ ಯಾರೂ ಸುಳ್ಳಾಡಲಿಲ್ಲ, ಯಾರಿಗೂ ಕೇಡು ಬಗೆಯಲಿಲ್ಲ. ಸುದ್ದಿಯೂ ಶುಭವೇ. ಹಾಗಿದ್ದರೂ ಆ ತಾಯಿಯ ಮನಸ್ಸು ನೊಂದದ್ದೇಕೆ?

2019ರಲ್ಲಿ 'ಪ್ಲಾಸ್ ಒನ್' ಎಂಬ ವಿಜ್ಞಾನಪತ್ರಿಕೆಯಲ್ಲಿ ಜೂವಾನ್ ಲೀ, ಓಮ್ರಿ ಗಿಲಾತ್ ಮತ್ತು ಆಂಡ್ರ್ಯೂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಈ ವಿಷಯದ ಬಗ್ಗೆ ಐದು ಅಧ್ಯಯನಗಳ ಫಲವನ್ನು ಪ್ರಕಟಿಸಿದರು. ಮುಖಾಮುಖಿಯಾಗಿ ಮನಸ್ಸು ತೆರೆದುಕೊಳ್ಳುವುದು ಆತ್ಮೀಯತೆಯನ್ನು ಬೆಳೆಸುತ್ತದೆಂಬುದು ಹಳೆಯ ತಿಳಿವಳಿಕೆ. ಆದರೆ ಅದೇ ವೈಯಕ್ತಿಕ ಸಂಗತಿಗಳನ್ನು ಜಾಲತಾಣಗಳಲ್ಲಿ ಹೆಚ್ಚು ಹೆಚ್ಚು ಹಂಚಿಕೊಂಡಾಗ ಸಂಗಾತಿಗಳ ನಡುವಿನ ಆಪ್ತತೆ ಕಡಿಮೆಯಾಗಿ ಕಂಡಿತು. ಸ್ನೇಹಿತರ ನಡುವೆ ಅಂಥ ಹಾನಿ ಕಾಣಲಿಲ್ಲ. ಬರಹದಲ್ಲಿ ಸಂಗಾತಿಯನ್ನೂ ಸೇರಿಸಿಕೊಂಡಾಗ ಆ ದುಷ್ಪರಿಣಾಮ ನೀಗುತ್ತಿತ್ತು.

ಈ ಅಧ್ಯಯನ ಬೆಲೆಯುಳ್ಳದ್ದು; ದೋಷವನ್ನೆಲ್ಲ ಮೊಬೈಲಿನ ಮೇಲೆ ಹೊರಿಸುವ ನಮ್ಮ ಸುಲಭದ ಬೋಧನೆಯನ್ನು ಅದು ತಿದ್ದುತ್ತದೆ. ಆದರೆ ಅದು ನೋಡಿದ್ದು ಮುಖ್ಯವಾಗಿ ಸಂಗಾತಿಗಳನ್ನು ಮತ್ತು ಗೆಳೆಯರನ್ನು. ನಮ್ಮ ಮನೆಗಳಲ್ಲಿ ಅವ್ವ, ಅತ್ತೆ, ಅಜ್ಜಿ, ಸೋದರಮಾವ ಇದ್ದಾರೆ. ಯಾವ ಸುದ್ದಿ ಯಾರಿಗೆ ಮೊದಲು ತಲುಪಬೇಕೆಂಬ ಅಲಿಖಿತ ಕ್ರಮವೊಂದು ಇಲ್ಲಿದೆ. ಎಷ್ಟು ಹಂಚಿದೆವು ಎಂಬುದಕ್ಕಿಂತ ಯಾರಿಗೆ ಮೊದಲು ಹೇಳಿದೆವು ಎಂಬುದೇ ನಮ್ಮಲ್ಲಿ ಹೆಚ್ಚು ನೋಯಿಸುತ್ತದೆ ಎಂದು ನನಗೆ ತೋರುತ್ತದೆ. "ನಿನಗೇ ಮೊದಲು ಹೇಳುತ್ತಿದ್ದೇನೆ" ಎಂಬ ಮಾತಿನಲ್ಲಿ ಸುದ್ದಿಯ ಜೊತೆಗೆ ಒಂದು ಸ್ಥಾನವನ್ನೂ ಕೊಡುತ್ತೇವೆ. ಸ್ಟೇಟಸ್ಸಿನಲ್ಲಿ ತಾಯಿಗೂ ಹಾಲು ತರುವವನಿಗೂ ಒಂದೇ ಸ್ಥಾನ.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಕಾರ್ಡಿನಲ್ಲಿ ಬರೆದದ್ದನ್ನು ಅಂಚೆಯಣ್ಣನೂ ಓದಬಲ್ಲನೆಂದು ಬಲ್ಲವರಾದ್ದರಿಂದ ಅದರಲ್ಲಿ ಕ್ಷೇಮಸಮಾಚಾರ, ಬರುವ ದಿನಾಂಕ ಇಷ್ಟೇ ಇರುತ್ತಿತ್ತು. ಮನಸ್ಸಿನ ಮಾತಿಗೆ ಮಡಿಸಿ ಅಂಟಿಸುವ ನೀಲಿ ಇನ್‌ಲ್ಯಾಂಡ್ ಪತ್ರ. ಇಂದು ಕಾರ್ಡಿಗೆ ತಕ್ಕ ಮಾತು, ಇನ್‌ಲ್ಯಾಂಡಿಗೆ ತಕ್ಕ ಮಾತು ಎರಡೂ ಒಂದೇ ಗುಂಡಿಯಿಂದ ಹೊರಡುತ್ತವೆ. ಆಯ್ಕೆ ಮಾಡಬೇಕಾದವರು ನಾವು.

ಪೋಪ್ ಫ್ರಾನ್ಸಿಸ್ ಅವರೂ 2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಾಲತಾಣವನ್ನು ತಿರಸ್ಕರಿಸಲಿಲ್ಲ. ಕುಟುಂಬವೊಂದು ಅದರ ಮೂಲಕ ಹತ್ತಿರವಾಗಿ, ಅನಂತರ ಊಟದ ಮೇಜಿನ ಬಳಿ ಕಲೆತು, ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡುವಂತಾದರೆ ಅದು ಸಂಪನ್ಮೂಲವೆಂದೇ ಹೇಳಿದರು. ಕುವೈತ್‌ನಲ್ಲಿ, ದುಬೈಯಲ್ಲಿ ದುಡಿಯುವ ಮಕ್ಕಳ ಮುಖವನ್ನು ಸಂಜೆ ಫೋನಿನಲ್ಲಿ ಕಾಣುವ ತಂದೆತಾಯಂದಿರಿಗೆ ಈ ಮಾತಿನ ಬೆಲೆ ಗೊತ್ತು.

ಸಂತ ಲೂಕನ ಶುಭಸಂದೇಶವನ್ನು ನೆನೆಯಿರಿ. ಮಾತೆ ಮರಿಯಮ್ಮನವರು ತಮ್ಮ ಬದುಕಿನ ಅತಿ ದೊಡ್ಡ ಸುದ್ದಿಯನ್ನು ಒಡಲಲ್ಲಿ ಹೊತ್ತು, ಬೆಟ್ಟದ ಸೀಮೆಗೆ ಅವಸರದಿಂದ ನಡೆದು, ಎಲಿಜಬೇತಮ್ಮನವರ ಒಂದೇ ಮನೆಯ ಬಾಗಿಲಿಗೆ ಹೋದರು. ಇಂದು ಲೋಕವೇ ಆ ಸುದ್ದಿಯನ್ನು ಬಲ್ಲದು. ಆದರೆ ಅಂದಿನ ಸಂತೋಷ ಅರಳಿದ್ದು ಇಬ್ಬರು ಹೆಂಗಸರ ಭೇಟಿಯಲ್ಲಿ.

ಗುಡವಿಯಿಂದ ಬಂದ ಆ ಮಗಳು ಅಂದು ರಾತ್ರಿ ತಾಯಿಯ ಪಕ್ಕದಲ್ಲೇ ಮಲಗಿದಳಂತೆ. ಯಾವ ಸ್ಟೇಟಸ್ಸಿಗೂ ಹಾಕದ ಭಯಗಳನ್ನು, ಆಸೆಗಳನ್ನು ಬೆಳಗಿನ ಜಾವದವರೆಗೆ ಹೇಳಿಕೊಂಡಳಂತೆ. ತಾಯಿಯ ಮುನಿಸು ಅಲ್ಲಿಗೆ ಮುಗಿಯಿತು.

ಪ್ರಿಯ ಓದುಗರೇ, ನಿಮ್ಮ ಮನೆಯ ಮುಂದಿನ ಸುದ್ದಿಯನ್ನು, ಅದು ಸಂತೋಷದ್ದಿರಲಿ ಸಂಕಟದ್ದಿರಲಿ, ಲೋಕಕ್ಕೆ ತಿಳಿಸುವ ಮುನ್ನ ಕ್ಷಣಕಾಲ ತಡೆಯಿರಿ. ಇದನ್ನು ನನ್ನ ಬಾಯಿಂದಲೇ ಕೇಳಬೇಕಾದವರು ಯಾರು ಎಂದು ಕೇಳಿಕೊಳ್ಳಿರಿ. ಅವರಿಗೆ ಹೇಳಿದ ಮೇಲೆ ಉಳಿದವರಿಗೆ ಧಾರಾಳವಾಗಿ ಹಂಚಿರಿ.