ಪಟ್ಟಿಯಿಂದ ಹೊರಬಂದವರ ಹಾಡು

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಎಲ್ಲಿಂದಲೋ ಕಾಪಿ ಮಾಡಿಸಿಕೊಂಡು ತಂದ ಕ್ಯಾಸೆಟ್ಟಿನಲ್ಲಿ ನಾನು ಮೊದಲ ಸಲ ತಿಮಿಂಗಿಲದ ಹಾಡು ಕೇಳಿದ್ದು. ಕೋಣೆಯಲ್ಲಿ ನಾಲ್ವರಿದ್ದೆವು. ಟೇಪು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ, ‘ಪಾಪ, ಅಳ್ತಾ ಇದೆ ಕಣೋ’ ಅಂದ. ನಮಗೆಲ್ಲ ಹಾಗೇ ಅನ್ನಿಸಿತ್ತು. ಅಳಿದುಹೋಗುತ್ತಿರುವ ಪ್ರಾಣಿ ಅಳದೆ ಇನ್ನೇನು ಮಾಡೀತು?

ಆ ಟೇಪು ‘ಸಾಂಗ್ಸ್ ಆಫ್ ದಿ ಹಂಪ್‌ಬ್ಯಾಕ್ ವೇಲ್’ ಎಂಬ ಆಲ್ಬಮ್ಮಿನದು ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಕಳೆದ ತಿಂಗಳು ಅದನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಹಾಡು ಅದೇ, ಆದರೆ ಕೇಳುವ ಸಂದರ್ಭ ಬದಲಾಗಿದೆ. ಆ ಆಲ್ಬಮ್ಮಿನಲ್ಲಿ ಹಾಡಿರುವ ತಿಮಿಂಗಿಲಗಳ ಗುಂಪು ಕಾನೂನಿನ ಪ್ರಕಾರ ಈಗ ಅಳಿವಿನಂಚಿನಲ್ಲಿ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಅವುಗಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಚರಮಗೀತೆ ಎಂದುಕೊಂಡು ಕೇಳಿದ್ದರ ನಾಯಕ ಬದುಕಿ ಉಳಿದರೆ ಆ ಗೀತೆಯನ್ನು ಆಮೇಲೆ ಹೇಗೆ ಕೇಳಬೇಕು? ಈ ಪ್ರಶ್ನೆಯೇ ನನ್ನಿಂದ ಇದನ್ನು ಬರೆಸುತ್ತಿದೆ.

ಆಲ್ಬಮ್ ಬಂದದ್ದು 1970ರಲ್ಲಿ. ಹಂಪ್‌ಬ್ಯಾಕ್ ತಿಮಿಂಗಿಲ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಧ್ವನಿ ಹಿಡಿದವರಲ್ಲಿ ಮೊದಲಿಗ ಫ್ರಾಂಕ್ ವಾಟ್ಲಿಂಗ್‌ಟನ್, ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ದುಡಿಯುತ್ತಿದ್ದ ಎಂಜಿನಿಯರ್. ನೀರೊಳಗಿನ ಮೈಕುಗಳಿಗೆ ಸಿಕ್ಕ ಈ ವಿಚಿತ್ರ ದನಿಗಳನ್ನು ಆತ ಗುಟ್ಟಾಗಿಟ್ಟಿದ್ದ. ಬೇಟೆಗಾರರಿಗೆ ಗೊತ್ತಾದರೆ ದನಿಯ ಜಾಡು ಹಿಡಿದು ಕೊಲ್ಲುತ್ತಾರೆ ಎಂಬ ಭಯ. 1967ರಲ್ಲಿ ಜೀವವಿಜ್ಞಾನಿಗಳಾದ ರೋಜರ್ ಪೇನ್ ಮತ್ತು ಕೇಟಿ ಪೇನ್ ಬಂದಾಗ ಟೇಪುಗಳನ್ನು ಅವರ ಕೈಗಿಟ್ಟ. ಗುಟ್ಟಾಗಿಟ್ಟು ಕಾಪಾಡಬೇಕಾದ ದನಿಯನ್ನು ರೋಜರ್ ಪೇನ್ ಲೋಕಕ್ಕೆಲ್ಲ ಕೇಳಿಸಿ ಕಾಪಾಡಲು ಹೊರಟರು. ತಿಮಿಂಗಿಲ ಬೇಟೆಯ ವಿರುದ್ಧದ ಚಳವಳಿಗೆ ಈ ತಟ್ಟೆ ಕೊಟ್ಟ ಬಲವನ್ನು ಯಾವ ಅಂಕಿ ಅಂಶವೂ ಕೊಟ್ಟಿರಲಾರದು. 1979ರ ಜನವರಿಯಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆ ಈ ಹಾಡುಗಳ ತೆಳು ತಟ್ಟೆಯನ್ನು ಸಂಚಿಕೆಯ ಜತೆ ಹಂಚಿತು; ಒಂದು ಕೋಟಿಗೂ ಹೆಚ್ಚು ಪ್ರತಿಗಳು.

ಈಗ ಹಾಡಿನ ವಿಷಯಕ್ಕೆ ಬರೋಣ. ಮೊದಲ ಭಾಗ ‘ಸೋಲೋ ವೇಲ್’, ಒಂದೇ ತಿಮಿಂಗಿಲದ ಹಾಡು. ಕೆಳಗಿನಿಂದ ಏಳುವ ನರಳಿಕೆ, ಬಾಗಿಲು ಕಿರುಗುಟ್ಟಿದಂಥ ಸ್ವರ, ತಟಕ್ಕನೆ ಮೇಲಕ್ಕೆ ಹಾರುವ ಕೂಗು, ಮತ್ತೆ ಅದೇ ನರಳಿಕೆ. ಎರಡನೆಯ ಸಲ ಕೇಳುವಾಗ ಗೊತ್ತಾಗುತ್ತದೆ, ಇದು ಗೊತ್ತುಗುರಿಯಿಲ್ಲದ ಸದ್ದಲ್ಲ. ಸಣ್ಣ ಸ್ವರಗಳು ಸೇರಿ ಒಂದು ನುಡಿ, ನುಡಿ ಮರುಕಳಿಸಿ ಒಂದು ಚರಣ, ಚರಣಗಳು ಕ್ರಮ ತಪ್ಪದೆ ಬಂದು ಇಡೀ ಹಾಡು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹಾಡುವುದು ಗಂಡುಗಳು, ಹೆಚ್ಚಾಗಿ ಕೂಡುವ ಋತುವಿನಲ್ಲಿ. ಒಂದು ಗುಂಪಿನ ಗಂಡುಗಳೆಲ್ಲ ಒಂದು ಋತುವಿನಲ್ಲಿ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತವೆ. ವರ್ಷದಿಂದ ವರ್ಷಕ್ಕೆ ಅದು ನಿಧಾನವಾಗಿ ಬದಲಾಗುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದೊಂದು ಗುಂಪಿಗೂ ಒಂದೊಂದು ಘರಾಣೆ.

ಅಂದಮೇಲೆ ನಮ್ಮ ಗೆಳೆಯನಿಗೆ ಕೇಳಿಸಿದ ಅಳು ಎಲ್ಲಿಂದ ಬಂತು? ಎರಡನೆಯ ಭಾಗ ಕೇಳಿದರೆ ಸುಳಿವು ಸಿಗುತ್ತದೆ. ‘ಸ್ಲೋಡ್-ಡೌನ್ ಸೋಲೋ ವೇಲ್’ನಲ್ಲಿ ದನಿಯ ವೇಗವನ್ನು ತಗ್ಗಿಸಲಾಗಿದೆ. ಸೂಕ್ಷ್ಮಗಳು ನಮ್ಮ ಕಿವಿಗೆ ಸಿಗಲೆಂದು ಹಾಗೆ ಮಾಡಿರಬಹುದು. ಆದರೆ ಆಗುವ ಪರಿಣಾಮ ಬೇರೆ. ಹಾಡು ಶೋಕವಾಗುತ್ತದೆ. ಕೂಡಲು ಹೊರಟ ಗಂಡಿನ ಹುರುಪು ಅಥವಾ ಜಂಬ ನಮ್ಮ ಕಿವಿ ತಲುಪುವ ಹೊತ್ತಿಗೆ ವಿದಾಯವಾಗಿರುತ್ತದೆ. ಇದು ಮೋಸ ಎಂದು ನಾನು ಹೇಳುವುದಿಲ್ಲ. ಆ ಕಾಲಕ್ಕೆ ಬೇಕಾಗಿದ್ದದ್ದು ಶೋಕವೇ. ದಕ್ಷಿಣಾರ್ಧ ಗೋಳದಲ್ಲೇ ಇಪ್ಪತ್ತನೆಯ ಶತಮಾನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದಾಗಿತ್ತು. ಆದರೆ ಆಲ್ಬಮ್ ಇನ್ನೊಂದು ಕೆಲಸವನ್ನೂ ಮಾಡಿತು. ಹೆಸರಿನಲ್ಲೇ ಏಕವಚನವಿದೆ, ನೋಡಿ. ಬರ್ಮುಡಾದ ಕೆಲವು ಗಂಡುಗಳ ಹಾಡು ಜಗತ್ತಿನ ಎಲ್ಲ ಸಮುದ್ರಗಳ ‘ತಿಮಿಂಗಿಲ’ದ ಹಾಡಾಯಿತು. ಕ್ಯಾಸೆಟ್ ಕೇಳಿದ ನಮಗೂ ಅದು ಎಲ್ಲಿಯ ತಿಮಿಂಗಿಲ ಎಂದು ಕೇಳಬೇಕೆನಿಸಲಿಲ್ಲ.

2016ರ ಆದೇಶವನ್ನು ಈ ಏಕವಚನವನ್ನು ಮುರಿದ ಪಠ್ಯ ಎಂದು ನಾನು ಓದುತ್ತೇನೆ. ಅದು ಜಗತ್ತಿನ ಹಂಪ್‌ಬ್ಯಾಕ್‌ಗಳನ್ನು 14 ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿತು. ಎಲ್ಲಿ ಮರಿ ಹಾಕುತ್ತವೆ ಎನ್ನುವುದು ವಿಂಗಡಣೆಯ ಮುಖ್ಯ ಆಧಾರ. 9 ಗುಂಪುಗಳು ಪಟ್ಟಿಯಿಂದ ಹೊರಗೆ ಬಂದವು. 4 ಗುಂಪುಗಳು ಅಳಿವಿನಂಚಿನಲ್ಲಿ ಉಳಿದವು, 1 ಅದಕ್ಕಿಂತ ಕಡಿಮೆ ಅಪಾಯದ ದರ್ಜೆಗೆ ಇಳಿಯಿತು. ಹೊರಗೆ ಬಂದವುಗಳಲ್ಲಿ ಹವಾಯಿಯದು ಒಂದು, ಬ್ರೆಜಿಲ್ಲಿನದು ಒಂದು, ವೆಸ್ಟ್ ಇಂಡೀಸಿನದು ಒಂದು. ಬರ್ಮುಡಾ ಹಾದು ಹೋಗುವ ತಿಮಿಂಗಿಲಗಳು ಈ ಕೊನೆಯ ಗುಂಪಿನವು.

ಪಟ್ಟಿಯಿಂದ ತೆಗೆದದ್ದನ್ನು ಖಂಡಿಸಿದವರು ಬಹಳ ಮಂದಿ. ನಾನು ಆ ಸಾಲಿನಲ್ಲಿ ನಿಲ್ಲಲಾರೆ. ಒಳಗೆ ಹೋದವರು ಎಂದೂ ಹೊರಗೆ ಬಾರದ ಪಟ್ಟಿ ಬರೀ ಗೋಳಿನ ಕಂತೆ. ಕಾಯಿಲೆ ವಾಸಿಯಾದವರನ್ನು ಮನೆಗೆ ಕಳಿಸದ ಆಸ್ಪತ್ರೆಯನ್ನು ಯಾರು ನಂಬುತ್ತಾರೆ? ಬ್ರೆಜಿಲ್ ಕಡೆಯ ಗುಂಪು 1950ರ ದಶಕದಲ್ಲಿ ಸುಮಾರು 450ಕ್ಕೆ ಇಳಿದಿತ್ತು ಎಂದೂ ಈಗ ಸುಮಾರು 25,000 ಇದೆ ಎಂದೂ 2019ರ ಅಧ್ಯಯನವೊಂದು ಅಂದಾಜು ಮಾಡಿತು. ಬೇಟೆಗೆ ಮುಂಚಿನ ಸಂಖ್ಯೆಗೆ ಬಹಳ ಹತ್ತಿರ. ಮನುಷ್ಯ ಒಂದು ಕೆಲಸವನ್ನು ನಿಲ್ಲಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಇದನ್ನು ಸಂಭ್ರಮಿಸದಿದ್ದರೆ ಆ ಆಲ್ಬಮ್ ಗೆದ್ದಿದೆ ಎಂದು ಒಪ್ಪಿಕೊಳ್ಳಲು ನಮಗೇ ಮನಸ್ಸಿಲ್ಲ ಎಂದಾಗುತ್ತದೆ. ಪಟ್ಟಿಯಿಂದ ಹೊರಬಂದರೆ ಬೇಟೆಗೆ ಬಿಟ್ಟಂತೆಯೂ ಅಲ್ಲ. ಅಮೆರಿಕದ 1972ರ ಸಾಗರ ಸಸ್ತನಿ ಕಾಯ್ದೆ ಅವುಗಳಿಗೆ ಈಗಲೂ ಅನ್ವಯಿಸುತ್ತದೆ; ವಾಣಿಜ್ಯ ಬೇಟೆಯ ಮೇಲಿನ ಅಂತರರಾಷ್ಟ್ರೀಯ ತಡೆಯೂ ಜಾರಿಯಲ್ಲಿದೆ.

ನನ್ನ ತಕರಾರು ಆದೇಶದ ಮೇಲಲ್ಲ, ಅದನ್ನು ಕತೆಯ ಕೊನೆಯ ಪುಟ ಎಂದು ಓದಿದ ರೀತಿಯ ಮೇಲೆ. ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳನ್ನು ಪಟ್ಟಿಯಿಂದ ತೆಗೆಯಿರಿ ಎಂದು ಹವಾಯಿಯ ಮೀನುಗಾರರ ಸಂಘಟನೆಯೊಂದು ಅರ್ಜಿ ಹಾಕಿದ್ದು 2013ರಲ್ಲಿ. ಸಂಖ್ಯೆ ಚೇತರಿಸಿಕೊಂಡಿದೆ ಎಂಬುದು ಆಧಾರ. ಆದೇಶ ಬಂದದ್ದು 2016ರಲ್ಲಿ. ಇವೆರಡರ ನಡುವೆ ಉತ್ತರ ಪೆಸಿಫಿಕ್ ಸಾಗರದಲ್ಲಿ ದೊಡ್ಡದೊಂದು ಶಾಖದ ಅಲೆ ಎದ್ದು ತಿಮಿಂಗಿಲಗಳ ಆಹಾರಸರಪಣಿಯನ್ನೇ ಅಲುಗಾಡಿಸಿತು. ಬಾಲದ ಕೆಳಮೈ ಗುರುತುಗಳ ಸಾವಿರಾರು ಫೋಟೋಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳು 2012ರಲ್ಲಿ ಸುಮಾರು 33,500 ಇದ್ದವು, 2021ರಲ್ಲಿ ಸುಮಾರು 26,700. ಹವಾಯಿಯಲ್ಲಿ ಚಳಿಗಾಲ ಕಳೆಯುವ ಗುಂಪು 2013ರಿಂದ 2021ರ ನಡುವೆ ಶೇ. 34ರಷ್ಟು ಕುಗ್ಗಿತು. ಅಂದರೆ ಗುಣಮುಖ ಎಂದು ಸಹಿ ಬೀಳುವ ಹೊತ್ತಿಗೆ ಇಳಿಕೆ ಶುರುವಾಗಿತ್ತು. ಆದೇಶ ಸುಳ್ಳಾಗಿತ್ತೆಂದಲ್ಲ. ಈಟಿಯ ಅಪಾಯ ಕಳೆದಿತ್ತು ಎಂಬ ಮಾತು ನಿಜ. ಪಟ್ಟಿ ಅಳೆಯಲು ಬಲ್ಲದ್ದು ನಿನ್ನೆಯ ಶತ್ರುವನ್ನು. ಈಟಿ ಹಿಡಿದವನನ್ನು ತಡೆಯಬಹುದಿತ್ತು, ನಾಚಿಸಬಹುದಿತ್ತು, ಹಾಡು ಕೇಳಿಸಿ ಅಳಿಸಬಹುದಿತ್ತು. ಬಿಸಿಯಾಗುವ ನೀರಿಗೆ ಯಾವ ತಟ್ಟೆ ಕೇಳಿಸುವುದು?

ಇಲ್ಲಿಯವರೆಗೆ ಹೇಳಿದ್ದು ಹೊರಬಂದವರ ಮಾತು. ಒಳಗೇ ಉಳಿದ ನಾಲ್ಕು ಗುಂಪುಗಳ ಹೆಸರು ಓದುತ್ತ ಹೋದಾಗ ನಾನು ಬೆಚ್ಚಿ ನಿಂತೆ. ಅವುಗಳಲ್ಲಿ ಒಂದು ಅರಬ್ಬಿ ಸಮುದ್ರದ ಗುಂಪು. ನಮ್ಮ ಸಮುದ್ರ.

ಬೇರೆಡೆಯ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆ ಹೋಗಿ ಉಂಡು, ಬೆಚ್ಚನೆಯ ನೀರಿಗೆ ಬಂದು ಮರಿ ಹಾಕುತ್ತವೆ. ಅರಬ್ಬಿಯವು ಹೀಗೆ ವಲಸೆ ಹೋಗುವುದಿಲ್ಲ. ನಮಗೆ ಮಳೆ ತರುವ ಅದೇ ಮುಂಗಾರು ಗಾಳಿ ಒಮಾನ್ ಕರಾವಳಿಯಲ್ಲಿ ಮೇಲ್ಮೈ ನೀರನ್ನು ದೂರ ತಳ್ಳುತ್ತದೆ. ಆಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೆದ್ದು ಬರುತ್ತದೆ. ಊಟ ಅಲ್ಲೇ ಸಿಗುವಾಗ ಧ್ರುವಕ್ಕೆ ಯಾಕೆ ಹೋಗಬೇಕು? ಈ ಗುಂಪು ಸುಮಾರು 70,000 ವರ್ಷಗಳಿಂದ ಉಳಿದವುಗಳಿಂದ ಬೇರೆಯಾಗಿಯೇ ಇದೆ ಎನ್ನುತ್ತದೆ ವಂಶವಾಹಿಗಳ ಅಧ್ಯಯನ. ಹಾಡೂ ಬೇರೆ. ಒಮಾನ್ ಕಡೆ ದಾಖಲಾದ ಇವುಗಳ ಹಾಡು ನೈಋತ್ಯ ಹಿಂದೂ ಮಹಾಸಾಗರದ ಹಾಡಿಗೆ ಹೋಲುವುದಿಲ್ಲ.

1965 ಮತ್ತು 1966ರಲ್ಲಿ ಸೋವಿಯತ್ ಹಡಗುಗಳು ಈ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು, ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಎದುರಿನ ನೀರಿನಲ್ಲಿ. ಲೋಕಕ್ಕೆ ಇದು ತಿಳಿದದ್ದು 1990ರ ದಶಕದಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ. ಈಗ ಉಳಿದವೆಷ್ಟು? ಒಮಾನ್ ಕರಾವಳಿಯಲ್ಲಿ ಫೋಟೋ ಗುರುತುಗಳಿಂದ ಮಾಡಿದ ಅಂದಾಜು 82. ಹವಾಯಿಯ ಸಾವಿರಗಳ ಪಕ್ಕದಲ್ಲಿ ಈ ಎರಡಂಕಿಯನ್ನು ಇಟ್ಟು ನೋಡಿ. ಬಲೆಗಳೂ ಹಡಗುಗಳೂ ದಟ್ಟವಾಗಿರುವ ನೀರಿನಲ್ಲಿ ಅವು ಬದುಕಬೇಕು.

2017ರ ಕೊನೆಯಲ್ಲಿ ಒಮಾನ್ ಬಳಿ ಉಪಗ್ರಹದ ಗುರುತುಪಟ್ಟಿ ಅಂಟಿಸಿದ ಹೆಣ್ಣೊಂದು ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಗೋವೆಯ ಎದುರಿಗೆ ಬಂತು. ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೂ ಹೋಗಿ, ಮತ್ತೆ ಒಮಾನಿಗೆ ಮರಳಿತು. ಸಂಶೋಧಕರು ಅದಕ್ಕಿಟ್ಟ ಹೆಸರು ಲುಬಾನ್, ಅರಬ್ಬಿಯಲ್ಲಿ ಸಾಂಬ್ರಾಣಿ. ಗೋವೆಯಿಂದ ದಕ್ಷಿಣಕ್ಕೆ ಹೋಗಬೇಕಾದರೆ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳ ಎದುರಿನ ಕಡಲನ್ನು ದಾಟಲೇಬೇಕು. ಆ ಡಿಸೆಂಬರಿನ ನನ್ನ ಡೈರಿ ತೆಗೆದು ನೋಡಿದೆ. ಮದುವೆಯೊಂದಕ್ಕೆಂದು ನಾನು ಕುಮಟೆಯಲ್ಲಿದ್ದೆ. ಸಂಜೆ ಕಡಲತಡಿಯಲ್ಲಿ ಕೂತಿದ್ದೆ ಎಂದಷ್ಟೇ ಬರೆದಿದೆ.

ಕನ್ನಡದಲ್ಲಿ ತಿಮಿಂಗಿಲ ಎಂಬ ಶಬ್ದ ನಮಗೆ ಎಂದಿನಿಂದಲೂ ಇದೆ. ತಿಮಿ ಎಂಬ ಮಹಾಮೀನನ್ನೇ ನುಂಗುವುದು ತಿಮಿಂಗಿಲ. ಭ್ರಷ್ಟ ಅಧಿಕಾರಿ ಸಿಕ್ಕಿಬಿದ್ದರೆ ತಿಮಿಂಗಿಲ, ದಡಕ್ಕೆ ಬಂದ ಹೆಣದ ಚಿತ್ರ ಪತ್ರಿಕೆಯಲ್ಲಿ ಬಂದರೆ ತಿಮಿಂಗಿಲ, ವಾಂತಿ ಮಾರುವವರನ್ನು ಪೊಲೀಸರು ಹಿಡಿದರೆ ತಿಮಿಂಗಿಲ. ರೂಪಕ, ಹೆಣ, ವಾಂತಿ. ಹಾಡುವ ತಿಮಿಂಗಿಲ ಮಾತ್ರ ನಮಗೆ ಕ್ಯಾಸೆಟ್ಟಿನಲ್ಲಿ ಬರ್ಮುಡಾದಿಂದ ಬಂತು. ದೂರದ್ದಕ್ಕೆ ಮರುಗಿದೆವು, ಮನೆ ಮುಂದಿನದು ಇದೆಯೆಂದೇ ಗೊತ್ತಿರಲಿಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ತಿಮಿಂಗಿಲಗಳಿವೆ, ಹುಲಿಯ ಸಾಲಿನಲ್ಲೇ. ಆದರೆ ಪರಿಶಿಷ್ಟಕ್ಕೆ ದನಿ ಇಲ್ಲ.

ಇಷ್ಟೆಲ್ಲ ಆದ ಮೇಲೆ ಆಲ್ಬಮ್ ನನಗೆ ಚಿಕ್ಕದಾಗಿ ಕಾಣುತ್ತದೆಯೇ? ಇಲ್ಲ. ಅದೊಂದು ದೊಡ್ಡ ಕೃತಿ, ಮತ್ತು ತನ್ನ ಕೆಲಸವನ್ನು ಮಾಡಿ ಮುಗಿಸಿದ ಅಪರೂಪದ ಕೃತಿ. ಆದರೆ ಅದನ್ನು ಇನ್ನು ಮೇಲೆ ‘ತಿಮಿಂಗಿಲದ ಹಾಡು’ ಎಂದು ಕೇಳುವುದು ನನ್ನಿಂದಾಗದು. ಪಶ್ಚಿಮ ಅಟ್ಲಾಂಟಿಕ್‌ನ ಒಂದು ಘರಾಣೆಯ, ಒಂದು ಕಾಲದ ಹಾಡು ಎಂದು ಕೇಳುತ್ತೇನೆ. ಹಾಗೆ ಕೇಳಿದರೆ ಶೋಕ ಇಳಿದು ಹುರುಪು ಕೇಳಿಸುತ್ತದೆ. ಹಾಡಿದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಬೇರೆ ಹಾಡು ಕಟ್ಟಿಕೊಂಡಿದ್ದಾರೆ. ಮೊನ್ನೆ ರಾತ್ರಿ ಕೇಳುವಾಗ ನಾನು ‘ಸ್ಲೋಡ್-ಡೌನ್’ ಭಾಗವನ್ನು ದಾಟಿಸಿ ಮುಂದೆ ಹೋದೆ. ಉಳಿಸಿಟ್ಟ ಶೋಕವನ್ನು ಇಲ್ಲೇ, ಕುಮಟೆಯ ಎದುರಿನ ನೀರಿನಲ್ಲಿ, ಇನ್ನೂ ಹಾಡುತ್ತಿರಬಹುದಾದ ಆ ಎಂಬತ್ತಕ್ಕೆ ಕೊಡಬೇಕಾಗಿದೆ.