ಮೆನುವಿನೊಳಗಿನ ಸಿನಿಮಾ

ವಿಡಿಯೊ ಎಂದರೆ ಕಣ್ಣಿಗೆ ಹೊಡೆಯುವ ಹೊಳಪು ಎಂದೇ ಎಲ್ಲರೂ ಒಪ್ಪಿಕೊಂಡಿದ್ದ ಕಾಲದಲ್ಲಿ, 2002ರಲ್ಲಿ, ಪ್ಯಾನಸಾನಿಕ್‌ನ ಡಿವಿಎಕ್ಸ್100 ಬಂತು. ಮಿನಿ ಡಿವಿ ಟೇಪಿನ ಸಾಧಾರಣ ಕೈಕ್ಯಾಮೆರಾ. ಆದರೆ ಫಿಲ್ಮಿನ ಹಾಗೆ ಸೆಕೆಂಡಿಗೆ 24 ಫ್ರೇಮ್ ಹಿಡಿಯುತ್ತಿತ್ತು. ಓಡುವವನ ಕಾಲಿಗೆ ಸಿನಿಮಾದ ನಡೆ ಬಂದದ್ದು ಅದರಿಂದ.

ಉಳಿದ ಕಸುಬೆಲ್ಲ ಮೆನುವಿನಲ್ಲಿ. ‘ಡೀಟೇಲ್’ ತಗ್ಗಿಸಿದರೆ ಕೂದಲು, ಕನ್ನಡಕದ ಅಂಚಿಗೆ ಕ್ಯಾಮೆರಾ ತಾನೇ ಬಳಿಯುತ್ತಿದ್ದ ಬಿಳಿಗೆರೆ ಮಾಯ. ಮುಖ ಮುಖದಂತೆ ಕಾಣುತ್ತದೆ. ‘ಸಿನೆ-ಲೈಕ್ ಗ್ಯಾಮಾ’ ಆರಿಸಿದರೆ ಬೆಳಕಿನಿಂದ ನೆರಳಿಗೆ ಇಳಿಯುವ ದಾರಿ ನಯವಾಗುತ್ತದೆ. ‘ಪೆಡೆಸ್ಟಲ್’ ಕಪ್ಪಿನ ಆಳ ನಿರ್ಧರಿಸುತ್ತದೆ, ‘ಕ್ರೋಮಾ’ ಬಣ್ಣದ ಗಾಢತೆಯನ್ನು. ಒಗ್ಗರಣೆಯಂತೆ, ಇಲ್ಲೆಲ್ಲ ಒಂದು ಚಿಟಿಕೆ ಹೆಚ್ಚಾದರೂ ಕೆಟ್ಟಿತು. ಹದ ಸಿಕ್ಕಿದ ಮೇಲೆ ಎಫ್1ರಿಂದ ಎಫ್6ರವರೆಗಿನ ತಿರುಗುಗುಂಡಿಯಲ್ಲಿ ಒಂದು ಸ್ಥಾನಕ್ಕೆ ಸೇರಿಸಿಬಿಡಬಹುದು: ಒಳಾಂಗಣಕ್ಕೊಂದು, ಮುಸ್ಸಂಜೆಗೊಂದು.

ಆದರೆ ಉರಿಬಿಸಿಲಿನಲ್ಲಿ ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ಯಾವ ಸೆಟ್ಟಿಂಗೂ ಮರಳಿ ತರದು. ಅಪರ್ಚರ್ ಮೇಲೆ ಕೈ ಇರಲೇಬೇಕು. ಆ ಎಚ್ಚರವನ್ನು ಕಲಿಸಿದ್ದೂ ಈ ಕ್ಯಾಮೆರಾದ ಹೆಚ್ಚುಗಾರಿಕೆಯೇ. ಜೇಮ್ಸ್ ಲಾಂಗ್ಲಿ ಇದರಲ್ಲಿ ಚಿತ್ರಿಸಿದ ‘ಇರಾಕ್ ಇನ್ ಫ್ರಾಗ್ಮೆಂಟ್ಸ್’ ಸಾಕ್ಷ್ಯಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಫಿಲ್ಮ್ ಕೊಳ್ಳಲು ಕಾಸಿಲ್ಲದವರಿಗೂ ಸಿನಿಮಾ ಮಾಡುವ ಧೈರ್ಯ ಕೊಟ್ಟ ಯಂತ್ರವಿದು.