ಮುಚ್ಚಿದ ಬಾಗಿಲ ಆಚೆಯ ಭಾಷೆ: 'ಅಡೋಲೆಸೆನ್ಸ್' ನೋಡಿದ ಮೇಲೆ

2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಅಡೋಲೆಸೆನ್ಸ್' ಧಾರಾವಾಹಿಯನ್ನು ನಮ್ಮ ಬಳಗದ ಅನೇಕರು ನೋಡಿದ್ದೀರಿ. ನೋಡದವರಿಗಾಗಿ ಕತೆ ಇಷ್ಟು: ಇಂಗ್ಲೆಂಡಿನ ಒಂದು ಸಾಧಾರಣ ಮನೆಯ 13 ವರ್ಷದ ಜೇಮಿ, ತನ್ನ ಶಾಲೆಯ ಹುಡುಗಿ ಕೇಟಿಯನ್ನು ಇರಿದು ಕೊಂದ ಆರೋಪದ ಮೇಲೆ ಬೆಳ್ಳಂಬೆಳಗ್ಗೆ ಬಂಧನಕ್ಕೊಳಗಾಗುತ್ತಾನೆ. ಕೊಂದದ್ದು ಅವನೇ ಎಂಬುದು ಮೊದಲ ಕಂತಿನ ಕೊನೆಗೇ ತಿಳಿಯುತ್ತದೆ. ಉಳಿದ ಮೂರು ಕಂತುಗಳ ಪ್ರಶ್ನೆ, ಯಾಕೆ?

ಪ್ರತಿ ಕಂತೂ ಕತ್ತರಿ ಬೀಳದ ಒಂದೇ ಶಾಟ್. ಕ್ಯಾಮೆರಾ ಕಣ್ಣು ಮಿಟುಕಿಸದ ಕಾರಣ ನಮಗೂ ಮುಖ ತಿರುಗಿಸಲು ಬಿಡುವಿಲ್ಲ!

ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ಕಂತು. ಶಾಲೆಗೆ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಬ್ಯಾಸ್ಕಮ್, ಕೇಟಿ ಇನ್‌ಸ್ಟಾಗ್ರಾಮ್‌ನಲ್ಲಿ ಜೇಮಿಗೆ ಹಾಕಿದ ಪುಟ್ಟ ಚಿತ್ರಗಳನ್ನು ಸ್ನೇಹದ ಮಾತೆಂದೇ ಓದಿಕೊಂಡಿದ್ದಾನೆ. ಅದೇ ಶಾಲೆಯಲ್ಲಿ ಓದುವ ಅವನ ಮಗ ಆಡಂ, ಅಪ್ಪನನ್ನು ಪಕ್ಕಕ್ಕೆ ಕರೆದು ತಿಳಿಹೇಳುತ್ತಾನೆ: ಅದು ಅಪಹಾಸ್ಯ. ಹೃದಯದ ಬಣ್ಣ ಬದಲಾದರೆ ಅರ್ಥವೂ ಬದಲು.

'ಮಕ್ಕಳಿಗೆ ಕನ್ನಡ ಬರೋಲ್ಲ' ಎಂಬ ಕೊರಗು ನಮ್ಮ ಯಾವ ಸಭೆಯಲ್ಲೂ ತಪ್ಪಿದ್ದಲ್ಲ. ಮಕ್ಕಳ ನುಡಿ ನಮಗೆ ಬರುತ್ತದೆಯೇ ಎಂದು ಕೇಳಿಕೊಂಡವರು ವಿರಳ. ಕಂಪ್ಯೂಟರಿನ ನಾಲ್ಕಾರು ಭಾಷೆ ಬಲ್ಲ ನನ್ನಂಥವರಿಗೂ ಆ ಚಿತ್ರಲಿಪಿ ಹಳಗನ್ನಡವೇ.

ಕೊನೆಯ ಕಂತಿನಲ್ಲಿ, 13 ತಿಂಗಳ ನಂತರ, ಜೇಮಿಯ ತಂದೆ ಎಡ್ಡಿ, ತಾಯಿ ಮ್ಯಾಂಡಾ ಎಲ್ಲಿ ಎಡವಿದೆವೆಂದು ಲೆಕ್ಕ ಹಾಕುತ್ತಾರೆ. ಎಡ್ಡಿಗೆ ಅವನಪ್ಪ ಬಾರಿಸುತ್ತಿದ್ದ. ತಾನು ಹಾಗಾಗಬಾರದೆಂದು ಎಡ್ಡಿ ಪಣ ತೊಟ್ಟಿದ್ದ. ಮಗ ಶಾಲೆಯಿಂದ ಬಂದವನೇ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಕೋಣೆಯಲ್ಲಿದ್ದಾನೆ, ಕ್ಷೇಮವಾಗಿದ್ದಾನೆ ಎಂದುಕೊಂಡರು. 'ಓದಿಕೊಳ್ತಿದ್ದಾನೆ, ಡಿಸ್ಟರ್ಬ್ ಮಾಡಬೇಡಿ' ಎನ್ನುವ ನಮ್ಮ ಮನೆಗಳಿಗೂ ಅದಕ್ಕೂ ಎಷ್ಟು ದೂರ? ಅದೇ ಅಪ್ಪ ಅಮ್ಮ ಬೆಳೆಸಿದ ಅಕ್ಕ ಲೀಸಾ ಪ್ರೀತಿಯ, ತಿಳಿವಳಿಕೆಯ ಹುಡುಗಿ. ಹೀಗಾಗಿ ತಪ್ಪನ್ನೆಲ್ಲ ಹೆತ್ತವರ ತಲೆಗೆ ಕಟ್ಟಲೂ ಧಾರಾವಾಹಿ ಬಿಡುವುದಿಲ್ಲ. ಇದೇ ಅದರ ಪ್ರಾಮಾಣಿಕತೆ.

ಕೊರತೆಯೂ ಇದೆ. ಕೇಟಿಯ ಮನೆಯವರ ದುಃಖ ನಮಗೆ ಕಾಣುವುದೇ ಇಲ್ಲ. ಜನ ನೆನೆಯುವುದು ಕೊಂದವನನ್ನು ಎಂದು ಪೊಲೀಸ್ ಅಧಿಕಾರಿ ಮಿಶಾಳಿಂದ ಹೇಳಿಸಿ ಕೈತೊಳೆದುಕೊಂಡಿದ್ದಾರೆ. ಗೆಳತಿಯನ್ನು ಕಳೆದುಕೊಂಡು ಕುದಿಯುವ ಜೇಡ್ ಎಂಬ ಹುಡುಗಿಯನ್ನೂ ನಡುವೆಯೇ ಕೈಬಿಟ್ಟಿದ್ದಾರೆ. ಆಸರೆ ಬೇಕಿದ್ದದ್ದು ಅವಳಿಗಲ್ಲವೇ?

2025ರಲ್ಲಿ ಬ್ರಿಟನ್ನಿನ ಪ್ರೌಢಶಾಲೆಗಳಿಗೆ ಇದನ್ನು ಉಚಿತವಾಗಿ ಒದಗಿಸಿದರು. ಪ್ರಧಾನಿ ಸ್ಟಾರ್ಮರ್ ಅದನ್ನು ಸ್ವಾಗತಿಸಿದರು. ಅದೇ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ 16 ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ಇವುಗಳಿಂದ ಒಂದಿಷ್ಟು ಒಳ್ಳೆಯದಾಗಬಹುದು. ಆದರೆ ಈ ನಾಲ್ಕು ಕಂತುಗಳ ಪಾಠ ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ. ಆಡಂ ಅಪ್ಪನ ಬಳಿ ಬಾಯಿಬಿಟ್ಟ. ಅಪ್ಪ ಪೊಲೀಸ್ ಗತ್ತು ಬಿಟ್ಟು ಕಿವಿಗೊಟ್ಟ. ಇಡೀ ಕತೆಯಲ್ಲಿ ಬೆಳಕಿರುವುದು ಅಲ್ಲೇ.

ಮಕ್ಕಳನ್ನು ಕೂರಿಸಿ ತೋರಿಸುವ ಮೊದಲು ನೀವಿಬ್ಬರೇ ಒಮ್ಮೆ ನೋಡಿ. ಅಭಿಪ್ರಾಯ ಬೇರೆಯಾದರೆ ಖಂಡಿತ ಬರೆಯಿರಿ.